ಡ್ರಾಫ್ಟ್‌ಗೆ ಮುನ್ನ ಯುವ ಕಾರ್ನರ್‌ಬ್ಯಾಕ್‌ನನ್ನು ಅಳೆಯುವ ಬಗೆ: ಸಮಗ್ರ ಮಾರ್ಗದರ್ಶಿ

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು ಡ್ರಾಫ್ಟ್‌ನಲ್ಲಿ. 2014ರ ಡ್ರಾಫ್ಟ್‌ನಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಎಂಟನೇ ಆಯ್ಕೆಯಲ್ಲಿ ಕಾರ್ನರ್‌ಬ್ಯಾಕ್ ಜಸ್ಟಿನ್ ಗಿಲ್ಬರ್ಟ್ ಅವರನ್ನು ಆರಿಸಿಕೊಂಡಿತು. ಆರಡಿ ಎತ್ತರ, 40 ಗಜವನ್ನು 4.37 ಸೆಕೆಂಡಿನಲ್ಲಿ ಮುಗಿಸಿದ ವೇಗ, ಕಾಲೇಜಿನ ಕೊನೆಯ ಋತುವಿನಲ್ಲಿ ಏಳು ಇಂಟರ್‌ಸೆಪ್ಶನ್, ಅಂದರೆ ಎದುರಾಳಿಯ ಪಾಸನ್ನು ಗಾಳಿಯಲ್ಲೇ ಕಸಿದದ್ದು. ಕಾಗದದ ಮೇಲೆ ಯಾವ ಕೊರತೆಯೂ ಇರಲಿಲ್ಲ. 2016ರ ನಂತರ ಅವರು ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಇತ್ತ 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಶರ್ಮನ್ ಐದನೇ ಸುತ್ತಿನವರೆಗೂ ಕಾದು, 154ನೆಯವರಾಗಿ ಸಿಯಾಟಲ್ ಸೀಹಾಕ್ಸ್ ಸೇರಿದರು. ಅವರ 40 ಗಜದ ಸಮಯ 4.5 ಸೆಕೆಂಡಿಗಿಂತ ಹೆಚ್ಚಿತ್ತು, ಕಾಲೇಜಿನ ಮೊದಲ ವರ್ಷಗಳನ್ನು ಅವರು ಪಾಸ್ ಹಿಡಿಯುವ ರಿಸೀವರ್ ಆಗಿಯೇ ಕಳೆದಿದ್ದರು. 2012ರಿಂದ 2014ರವರೆಗೆ ಸತತ ಮೂರು ವರ್ಷ ಅವರು ಆಲ್-ಪ್ರೊ ಮೊದಲ ತಂಡದಲ್ಲಿ, ಅಂದರೆ ಲೀಗ್‌ನ ವರ್ಷದ ಅತ್ಯುತ್ತಮರ ಪಟ್ಟಿಯಲ್ಲಿ, ಇದ್ದರು.

ಈ ಎರಡು ಹೆಸರುಗಳನ್ನು ಪಕ್ಕಪಕ್ಕ ಇಟ್ಟು ಡ್ರಾಫ್ಟ್ ಎಂದರೆ ಲಾಟರಿ ಎಂದು ಕೈಚೆಲ್ಲುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಕಾರ್ನರ್‌ಬ್ಯಾಕ್‌ನನ್ನು ಅಳೆಯುವುದು ಕಷ್ಟ, ನಿಜ. ಆದರೆ ಕಷ್ಟದ ಬಹುಪಾಲು ನಾವು ತಪ್ಪು ಜಾಗದಲ್ಲಿ ನೋಡುವುದರಿಂದ ಬರುತ್ತದೆ. ನಾವು ಚೆಂಡು ಅವನ ಕಡೆ ಬಂದ ಆಟಗಳನ್ನು ನೋಡುತ್ತೇವೆ. ನೋಡಬೇಕಾದದ್ದು ಚೆಂಡು ಬಾರದ ಆಟಗಳನ್ನು. ಒಬ್ಬ ಕಾರ್ನರ್ ಒಂದು ಋತುವಿನಲ್ಲಿ 400 ಸಲ ಪಾಸ್ ತಡೆಯಲು ನಿಂತ, 50 ಸಲ ಅವನ ಕಡೆ ಚೆಂಡು ಬಂತು ಎಂದಿಟ್ಟುಕೊಳ್ಳಿ. ಉಳಿದ 350 ಸಲ ಅವನು ಏನು ಮಾಡಿದ ಎಂಬುದು ಯಾವ ಮುಖ್ಯಾಂಶದ ವಿಡಿಯೊದಲ್ಲೂ ಇರುವುದಿಲ್ಲ. ಅವನ ನಿಜವಾದ ಆಟ ಇರುವುದು ಅಲ್ಲಿ.

ಆಟಕ್ಕೆ ಹೊಸಬರಾದವರಿಗೆ ಎರಡು ಮಾತು. ಎದುರಾಳಿ ತಂಡದ ರಿಸೀವರ್‌ಗೆ ಚೆಂಡು ಸಿಗದಂತೆ ತಡೆಯುವುದು ಕಾರ್ನರ್‌ಬ್ಯಾಕ್‌ನ ಕೆಲಸ. ಎಲ್ಲಿಗೆ ಓಡಬೇಕೆಂದು ರಿಸೀವರ್‌ಗೆ ಮೊದಲೇ ಗೊತ್ತು, ಕಾರ್ನರ್‌ಗೆ ಗೊತ್ತಿಲ್ಲ. ಆ ಅಜ್ಞಾನವನ್ನು ಹೊತ್ತುಕೊಂಡೇ ಅವನು ಹಿಮ್ಮುಖವಾಗಿ ಓಡಲು ಶುರುಮಾಡಬೇಕು.

ಹೆಜ್ಜೆ 1: ಪಂದ್ಯಗಳನ್ನು ಆರಿಸಿಕೊಳ್ಳಿ

ಒಬ್ಬ ಆಟಗಾರನ ಬಗ್ಗೆ ಮಾತನಾಡಲು ಕನಿಷ್ಠ ನಾಲ್ಕೈದು ಪೂರ್ತಿ ಪಂದ್ಯಗಳನ್ನು ನೋಡಬೇಕು. ಯಾವ ನಾಲ್ಕೈದು ಎಂಬುದು ಮುಖ್ಯ. ಅವನು ಎದುರಿಸಿದ ಅತ್ಯುತ್ತಮ ರಿಸೀವರ್ ಇದ್ದ ಪಂದ್ಯ ಒಂದಿರಲಿ. ಅವನು ಅತಿ ಕೆಟ್ಟದಾಗಿ ಆಡಿದ ಪಂದ್ಯ ಒಂದು ಇರಲೇಬೇಕು. ಗಾಯದಿಂದ ಮರಳಿದ ಕೂಡಲೇ ಆಡಿದ ಪಂದ್ಯವಿದ್ದರೆ ಅದೂ ಬೇಕು. ಜೊತೆಗೆ ಹಿಂದಿನ ವರ್ಷದ ಒಂದು ಪಂದ್ಯವನ್ನು ಸೇರಿಸಿಕೊಳ್ಳಿ. ಹನ್ನೆರಡು ತಿಂಗಳಲ್ಲಿ ಹುಡುಗ ಏನು ಕಲಿತ ಎಂಬುದು ಆಗ ಕಾಣುತ್ತದೆ.

ದೂರದರ್ಶನದ ಪ್ರಸಾರದಲ್ಲಿ ಒಂದು ತೊಂದರೆಯಿದೆ. ಕ್ಯಾಮೆರಾ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಹಿಂಬಾಲಿಸುವುದರಿಂದ ಸ್ನ್ಯಾಪ್ ಆದ, ಅಂದರೆ ಚೆಂಡು ಅವನ ಕೈಗೆ ಬಂದು ಆಟ ಶುರುವಾದ, ಎರಡು ಸೆಕೆಂಡಿನೊಳಗೆ ಕಾರ್ನರ್ ಚೌಕಟ್ಟಿನಿಂದ ಹೊರಬೀಳುತ್ತಾನೆ. ಇಪ್ಪತ್ತೆರಡು ಆಟಗಾರರೂ ಕಾಣುವ ಎತ್ತರದ ಕೋನದ ಚಿತ್ರಣ, ಅಂದರೆ ಆಲ್-22, ಸಿಕ್ಕರೆ ಅದನ್ನೇ ನೋಡಿ. ಸಿಗದಿದ್ದರೆ ಪ್ರಸಾರದ ಮರುಪ್ರದರ್ಶನಗಳನ್ನು, ಮುಖ್ಯವಾಗಿ ಮೈದಾನದ ತುದಿಯ ಎಂಡ್‌ಜೋನ್ ಕಡೆಯಿಂದ ತೋರಿಸುವವನ್ನು, ನಿಲ್ಲಿಸಿ ನಿಲ್ಲಿಸಿ ನೋಡಿ. ಮೊದಲ ಸುತ್ತಿನಲ್ಲಿ ಚೆಂಡನ್ನು ಮರೆತು ಕಾರ್ನರ್ ಒಬ್ಬನನ್ನೇ ಹಿಂಬಾಲಿಸಿ. ಎರಡನೇ ಸುತ್ತಿನಲ್ಲಿ ಅವನ ಎದುರಿನ ರಿಸೀವರ್‌ನನ್ನು ಗಮನಿಸಿ.

ಹೆಜ್ಜೆ 2: ಕಾಲೇಜಿನ ಮೈದಾನ, ಕಾಲೇಜಿನ ನಿಯಮ

ಅಭಿಮಾನಿಗಳ ಚರ್ಚೆಯಲ್ಲಿ ಈ ಭಾಗ ಬರುವುದೇ ಅಪರೂಪ. ಆದರೆ ಇದನ್ನು ಬಿಟ್ಟರೆ ಉಳಿದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಕಾಲೇಜು ಆಟದಲ್ಲಿ ಪಾಸ್ ಗಾಳಿಗೇರುವವರೆಗೆ, ತನ್ನತ್ತ ಓಡಿಬರುತ್ತಿರುವ ರಿಸೀವರ್‌ನನ್ನು ಕಾರ್ನರ್ ಕೈಯಿಂದ ತಡೆಯಬಹುದು. ಹಿಡಿದುಕೊಳ್ಳುವಂತಿಲ್ಲ, ಅಷ್ಟೆ. ಎನ್‌ಎಫ್‌ಎಲ್‌ನಲ್ಲಿ ಆ ಸ್ವಾತಂತ್ರ್ಯ ಆಟ ಶುರುವಾಗುವ ಗೆರೆಯಿಂದ ಐದು ಗಜಕ್ಕೆ ಮುಗಿಯುತ್ತದೆ. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಪಾಕೆಟ್‌ನಲ್ಲಿ, ಅಂದರೆ ತನ್ನ ಕಾವಲುಗಾರರ ಹಿಂದೆ, ಇರುವಾಗ ಐದು ಗಜದಾಚೆ ಕೈ ತಾಗಿಸಿದರೆ ಐದು ಗಜ ದಂಡ ಮತ್ತು ಎದುರಾಳಿಗೆ ಹೊಸ ಫಸ್ಟ್ ಡೌನ್, ಅಂದರೆ ಮುನ್ನಡೆಯಲು ಹೊಸದಾಗಿ ಅವಕಾಶಗಳು. ಪಾಸ್‌ಗೆ ಅಡ್ಡಿಪಡಿಸಿದ ತಪ್ಪಿಗೆ ಕಾಲೇಜಿನಲ್ಲಿ ಹೆಚ್ಚೆಂದರೆ 15 ಗಜ ಕೊಡುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ತಪ್ಪು ನಡೆದ ಜಾಗಕ್ಕೇ ಚೆಂಡು ಹೋಗುತ್ತದೆ, ಅದು 45 ಗಜ ದೂರದಲ್ಲಿದ್ದರೂ ಸರಿ. ಆದ್ದರಿಂದ ಕಾಲೇಜಿನಲ್ಲಿ ದಂಡವೇ ಬೀಳದ ಕಾರ್ನರ್ ಶಿಸ್ತಿನವನೆಂದು ತಕ್ಷಣ ನಂಬಬೇಡಿ. ಎಂಟು, ಹತ್ತು, ಹನ್ನೆರಡು ಗಜದಲ್ಲಿ ಅವನ ಕೈಗಳು ಎಲ್ಲಿವೆ ಎಂದು ಎಣಿಸಿ. ಆ ದೂರದಲ್ಲಿ ಪ್ರತಿ ಬಾರಿಯೂ ರಿಸೀವರ್‌ನ ಭುಜದ ಮೇಲೆ ಅಂಗೈ ಊರಿಕೊಂಡೇ ಜೊತೆಗೆ ಓಡುವವನಾದರೆ, ಎನ್‌ಎಫ್‌ಎಲ್‌ನಲ್ಲಿ ಆ ಊರುಗೋಲನ್ನು ಕಿತ್ತುಕೊಳ್ಳುತ್ತಾರೆ. ಕೈಯಿಲ್ಲದೆ, ಕೇವಲ ಕಾಲಿನಿಂದ ಅವನು ಹತ್ತಿರ ಉಳಿದ ಆಟಗಳು ಎಷ್ಟಿವೆ ಎಂದು ಹುಡುಕಿ.

ಇನ್ನೊಂದು ಮೈದಾನದ ಲೆಕ್ಕ. ಮೈದಾನದ ಅಗಲ ಎರಡೂ ಕಡೆ 160 ಅಡಿಯೇ. ಆದರೆ ಚೆಂಡನ್ನು ಇಡುವ ಹ್ಯಾಶ್ ಗುರುತುಗಳ ನಡುವಿನ ಅಂತರ ಕಾಲೇಜಿನಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು. ಕಾಲೇಜಿನಲ್ಲಿ ಚೆಂಡು ಒಂದು ಹ್ಯಾಶ್ ಮೇಲಿದ್ದರೆ ಹತ್ತಿರದ ಅಂಚು 60 ಅಡಿ, ದೂರದ ಅಂಚು 100 ಅಡಿ. ಎನ್‌ಎಫ್‌ಎಲ್‌ನಲ್ಲಿ ಅದೇ ಲೆಕ್ಕ ಸುಮಾರು 71 ಮತ್ತು 89 ಅಡಿ. ಹಾಗಾಗಿ ಅನೇಕ ಕಾಲೇಜು ತಂಡಗಳು ಒಬ್ಬ ಕಾರ್ನರ್‌ನನ್ನು ಯಾವಾಗಲೂ ಇಕ್ಕಟ್ಟಿನ ಕಡೆಗೆ, ಇನ್ನೊಬ್ಬನನ್ನು ವಿಶಾಲವಾದ ಕಡೆಗೆ ನಿಲ್ಲಿಸುತ್ತವೆ. ಇಕ್ಕಟ್ಟಿನ ಕಡೆಯವನಿಗೆ ಸೈಡ್‌ಲೈನ್ ಎರಡನೇ ರಕ್ಷಕನಂತೆ ನೆರವಾಗುತ್ತದೆ, ಆದರೆ ಚೆಂಡು ಬೇಗ ತಲುಪುತ್ತದೆ. ವಿಶಾಲ ಕಡೆಯವನು ದೊಡ್ಡ ಬಯಲನ್ನು ಕಾಯಬೇಕು, ಆದರೆ ಕಾಲೇಜು ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಅಷ್ಟು ದೂರಕ್ಕೆ ಬಿರುಸಾಗಿ ಎಸೆಯಬಲ್ಲವರು ಕಡಿಮೆ. ಎನ್‌ಎಫ್‌ಎಲ್‌ನಲ್ಲಿ ಎಲ್ಲರೂ ಎಸೆಯುತ್ತಾರೆ. ನೀವು ನೋಡುತ್ತಿರುವ ಆಟಗಾರ ಯಾವ ಕಡೆಯವನು ಎಂದು ಮೊದಲೇ ಬರೆದುಕೊಳ್ಳಿ. ಅವನ ಅಂಕಿಗಳನ್ನೆಲ್ಲ ಆ ಬೆಳಕಿನಲ್ಲಿ ಓದಬೇಕು.

ಹೆಜ್ಜೆ 3: ಕಾಲು, ಸೊಂಟ, ಕಣ್ಣು

ಇಡೀ ಮೌಲ್ಯಮಾಪನದ ಅರ್ಧ ಭಾರವನ್ನು ನಾನು ಈ ಹೆಜ್ಜೆಗೆ ಕೊಡುತ್ತೇನೆ. ಇಲ್ಲಿ ಆತುರ ಬೇಡ.

ಪ್ರೆಸ್ ಆಡುವಾಗ, ಅಂದರೆ ರಿಸೀವರ್‌ನ ಮೂಗಿನ ಮುಂದೆ ನಿಂತು ತಡೆಯುವಾಗ, ಮೊದಲ ಹೆಜ್ಜೆ ನೋಡಿ. ರಿಸೀವರ್ ಎಡಕ್ಕೆ ಭುಜ ಅಲುಗಿಸಿ ಬಲಕ್ಕೆ ಹೋಗುತ್ತಾನೆ. ಅನನುಭವಿ ಕಾರ್ನರ್ ಭುಜವನ್ನು ನಂಬಿ ಎಡಕ್ಕೆ ಜಿಗಿಯುತ್ತಾನೆ. ಕಬಡ್ಡಿಯಲ್ಲಿ ಕಾರ್ನರ್ ಕಾಯುವ ಒಳ್ಳೆಯ ಡಿಫೆಂಡರ್ ರೈಡರ್‌ನ ಕೈಬೀಸಾಟಕ್ಕೆ ಮರುಳಾಗದೆ ಅವನ ಸೊಂಟವನ್ನು ನೋಡುತ್ತಾನಲ್ಲ, ಇಲ್ಲಿಯೂ ಬೇಕಾದದ್ದು ಅದೇ ತಾಳ್ಮೆ. ಕಾಲುಗಳು ಚಿಕ್ಕ ಚಿಕ್ಕದಾಗಿ ಪಕ್ಕಕ್ಕೆ ಸರಿಯಬೇಕು, ಎದೆ ರಿಸೀವರ್‌ಗೆ ನೇರವಾಗಿರಬೇಕು, ಕೈ ಆತುರಪಡಬಾರದು. ಎರಡೂ ಕೈಗಳನ್ನು ಒಟ್ಟಿಗೆ ಮುಂದೆ ಚಾಚಿ ತಳ್ಳಲು ಹೋಗುವವನು ಗುರಿ ತಪ್ಪಿದರೆ ಸಮತೋಲನ ಕಳೆದುಕೊಂಡು ಅಲ್ಲೇ ಉಳಿಯುತ್ತಾನೆ. ಒಂದು ಕೈಯನ್ನು ಬಳಸಿ, ಇನ್ನೊಂದನ್ನು ಕಾದಿಟ್ಟುಕೊಳ್ಳುವವನಿಗೆ ಹೆಚ್ಚು ಅಂಕ ಕೊಡಿ.

ದೂರ ನಿಂತು ಆಡುವಾಗ ಪರೀಕ್ಷೆ ಬೇರೆ. ಹಿಮ್ಮುಖವಾಗಿ ಓಡುತ್ತಿರುವಾಗ ಅವನ ತಲೆಯ ಎತ್ತರವನ್ನು ಗಮನಿಸಿ. ಮಂಡಿ ಬಾಗಿಸಿ, ತಲೆ ಒಂದೇ ಮಟ್ಟದಲ್ಲಿ ಹೋಗುತ್ತಿದ್ದರೆ ಅವನು ಯಾವ ಕ್ಷಣದಲ್ಲೂ ದಿಕ್ಕು ಬದಲಿಸಬಲ್ಲ. ಬೆನ್ನು ನೆಟ್ಟಗಾಗಿ ತಲೆ ಮೇಲೆದ್ದರೆ, ನಿಲ್ಲಿಸಲು ಎರಡು ಮೂರು ಹೆಚ್ಚುವರಿ ಹೆಜ್ಜೆ ಬೇಕಾಗುತ್ತದೆ. ರಿಸೀವರ್ ತಟ್ಟನೆ ನಿಂತು ಹಿಂದಕ್ಕೆ ತಿರುಗುವ ರೂಟ್‌ಗಳಲ್ಲಿ ವಿಡಿಯೊವನ್ನು ನಿಧಾನಗೊಳಿಸಿ ಆ ಹೆಜ್ಜೆಗಳನ್ನು ಎಣಿಸಿ. ಹಿಂದಿನ ಪಾದವನ್ನು ನೆಲಕ್ಕೆ ಊರಿ ಒಂದೇ ಏಟಿಗೆ ಮುಂದಕ್ಕೆ ಚಿಮ್ಮುವವರು ಕಡಿಮೆ. ಅಂಥವನು ಕಂಡರೆ ಪುಟದ ಅಂಚಿನಲ್ಲಿ ಗುರುತು ಹಾಕಿಕೊಳ್ಳಿ.

ಸೊಂಟದ ತಿರುವು ಎಲ್ಲಕ್ಕಿಂತ ಕಠಿಣ. ರಿಸೀವರ್ ನೇರವಾಗಿ ಹಾಯ್ದು ಹೋಗುತ್ತಾನೆಂದು ತಿಳಿದ ಕೂಡಲೇ ಕಾರ್ನರ್ ಹಿಮ್ಮುಖ ಓಟದಿಂದ ಮುಮ್ಮುಖ ಓಟಕ್ಕೆ ಬದಲಾಗಬೇಕು, ವೇಗ ಇಳಿಯದಂತೆ. ಒಂದು ದಿಕ್ಕಿಗೆ ತಿರುಗಿದ ಮೇಲೆ ರಿಸೀವರ್ ಇನ್ನೊಂದು ಕಡೆಗೆ ಹೊರಳಿದರೆ ಏನು ಮಾಡುತ್ತಾನೆ? ಸೊಂಟ ಸಡಿಲವಿದ್ದವನು ಮತ್ತೆ ತಿರುಗುತ್ತಾನೆ, ಬಿಗಿಯಿದ್ದವನು ದೊಡ್ಡ ಸುತ್ತು ಹಾಕಿ ಬರುತ್ತಾನೆ. ಬಲಕ್ಕೂ ಎಡಕ್ಕೂ ತಿರುಗುವುದನ್ನು ಬೇರೆ ಬೇರೆಯಾಗಿ ನೋಡಿ. ಇಡೀ ಕಾಲೇಜು ಜೀವನವನ್ನು ಒಂದೇ ಬದಿಯಲ್ಲಿ ಕಳೆದವರಿಗೆ ಒಂದು ಕಡೆಯ ತಿರುವು ಸಲೀಸು, ಇನ್ನೊಂದು ಒರಟು. ತಂತ್ರದ ತಪ್ಪನ್ನು ತರಬೇತುದಾರ ತಿದ್ದಬಲ್ಲ. ಸೊಂಟದ ಬಿಗಿಯನ್ನು ತಿದ್ದಿದ್ದು ನಾನು ಕಂಡದ್ದು ತೀರಾ ವಿರಳ.

ಕಣ್ಣಿನ ವಿಷಯವೂ ಇದೆ. ಮ್ಯಾನ್ ಕವರೇಜ್‌ನಲ್ಲಿ, ಅಂದರೆ ಒಬ್ಬನನ್ನೇ ಬೆನ್ನಟ್ಟುವಾಗ, ಕಣ್ಣು ರಿಸೀವರ್ ಮೇಲಿರಬೇಕು. ಜೋನ್ ಆಡುವಾಗ, ಅಂದರೆ ಒಂದು ಜಾಗವನ್ನು ಕಾಯುವಾಗ, ಕ್ವಾರ್ಟರ್‌ಬ್ಯಾಕ್ ಮೇಲೆ ಒಂದು ಕಣ್ಣು, ತನ್ನ ಜಾಗಕ್ಕೆ ಬರುವವರ ಮೇಲೆ ಇನ್ನೊಂದು. ಮ್ಯಾನ್ ಕವರೇಜ್‌ನಲ್ಲಿದ್ದೂ ಹಿಂದಿರುಗಿ ಕ್ವಾರ್ಟರ್‌ಬ್ಯಾಕ್ ಕಡೆ ಇಣುಕುವ ಚಾಳಿಯಿರುವವನು ಕಾಲೇಜಿನಲ್ಲಿ ಕೆಲವು ಇಂಟರ್‌ಸೆಪ್ಶನ್ ಗಳಿಸುತ್ತಾನೆ, ಎನ್‌ಎಫ್‌ಎಲ್‌ನಲ್ಲಿ ಅದೇ ಇಣುಕಿಗೆ ಟಚ್‌ಡೌನ್ ತೆರುತ್ತಾನೆ.

ಹೆಜ್ಜೆ 4: ಚೆಂಡು ಗಾಳಿಯಲ್ಲಿರುವಾಗ

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ತಾನು ರಿಸೀವರ್‌ಗೆ ಅಂಟಿಕೊಂಡಿದ್ದೇನೋ ಹಿಂದೆ ಬಿದ್ದಿದ್ದೇನೋ ಎಂಬುದು ಅವನಿಗೆ ಗೊತ್ತೇ? ಪಕ್ಕದಲ್ಲೇ ಇದ್ದರೆ ತಲೆ ತಿರುಗಿಸಿ ಚೆಂಡನ್ನು ಹುಡುಕಬೇಕು. ಹಿಂದೆ ಬಿದ್ದಿದ್ದರೆ ತಲೆ ತಿರುಗಿಸಲೇಬಾರದು, ತಿರುಗಿಸಿದರೆ ಇನ್ನೂ ಹಿಂದೆ ಬೀಳುತ್ತಾನೆ. ಆಗ ರಿಸೀವರ್‌ನ ಕೈಗಳನ್ನು ನೋಡುತ್ತಾ, ಚೆಂಡು ಕೈ ಸೇರುವ ಕ್ಷಣಕ್ಕೆ ಆ ಕೈಗಳ ನಡುವೆ ತನ್ನ ಕೈ ತೂರಿಸಬೇಕು. ಗಾಬರಿಯಿಂದ ತೋಳು ಹಿಡಿದುಕೊಳ್ಳುವವನು ವೇಗವಿದ್ದೂ ನಂಬಿಕೆಗೆ ಬರುವುದಿಲ್ಲ.

ರಿಸೀವರ್ ಆಗಿದ್ದವರಿಗೆ ಈ ವಿಭಾಗದಲ್ಲಿ ಅನುಕೂಲವಿದೆ. ಶರ್ಮನ್ ಅವರ ಉದಾಹರಣೆ ಮೇಲೆ ಬಂತು. ಟೆಕ್ಸಾಸ್-ಸ್ಯಾನ್ ಆಂಟೋನಿಯೊದಲ್ಲಿ ರಿಸೀವರ್ ಸ್ಥಾನದಿಂದ ಬದಲಾದ ತಾರಿಕ್ ವೂಲೆನ್ ಅವರೂ 2022ರಲ್ಲಿ ಐದನೇ ಸುತ್ತಿನಲ್ಲಿ, 153ನೇ ಆಯ್ಕೆಯಾಗಿ ಸಿಯಾಟಲ್‌ಗೇ ಬಂದರು. ಮೊದಲ ವರ್ಷವೇ ಆರು ಇಂಟರ್‌ಸೆಪ್ಶನ್ ಗಳಿಸಿದರು.

ಚೆಂಡು ತಪ್ಪಿಹೋಗಿ ಟಚ್‌ಡೌನ್ ಬಿಟ್ಟುಕೊಟ್ಟ ನಂತರದ ಐದಾರು ಆಟಗಳನ್ನು ತಪ್ಪದೆ ನೋಡಿ. ಮೊದಲು ಐದು ಗಜದಲ್ಲಿ ನಿಲ್ಲುತ್ತಿದ್ದವನು ಈಗ ಹತ್ತು ಗಜ ಹಿಂದೆ ನಿಲ್ಲುತ್ತಿದ್ದಾನೆಯೇ? ಮನೋಸ್ಥೈರ್ಯವನ್ನು ಸಂದರ್ಶನದಲ್ಲಿ ಹುಡುಕುವ ಬದಲು ಆ ಗಜಗಳಲ್ಲಿ ಹುಡುಕಬಹುದು.

ಹೆಜ್ಜೆ 5: ಟ್ಯಾಕ್ಲಿಂಗ್

ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವುವ ಈ ಕೆಲಸದ್ದು ಬೇಗ ಮುಗಿಯುವ ಪರೀಕ್ಷೆ. ಅಡ್ಡಲಾಗಿ ಎಸೆದ ಸ್ಕ್ರೀನ್ ಪಾಸ್‌ಗಳು ಮತ್ತು ಅವನ ಕಡೆಗೆ ಬಂದ ರನ್‌ಗಳನ್ನು ಮಾತ್ರ ಆರಿಸಿ. ಬ್ಲಾಕ್ ಮಾಡಲು, ಅಂದರೆ ದಾರಿಗೆ ಅಡ್ಡ ನಿಲ್ಲಲು, ಬಂದವನನ್ನು ಕಳಚಿಕೊಳ್ಳುತ್ತಾನೆಯೇ, ಅವನ ಹಿಂದೆ ಅಡಗುತ್ತಾನೆಯೇ? ಟ್ಯಾಕಲ್ ತಪ್ಪಿದರೆ ಅಡ್ಡಿಯಿಲ್ಲ, ಪ್ರಯತ್ನ ತಪ್ಪಬಾರದು. ಈಗ ಎನ್‌ಎಫ್‌ಎಲ್ ತಂಡಗಳು ಅರ್ಧಕ್ಕಿಂತ ಹೆಚ್ಚು ಆಟಗಳಲ್ಲಿ ಪಾಸ್ ತಡೆಯುವ ಹಿಂಸಾಲಿನ ರಕ್ಷಕರನ್ನು, ಅಂದರೆ ಡಿಫೆನ್ಸಿವ್ ಬ್ಯಾಕ್‌ಗಳನ್ನು, ಐದು ಅಥವಾ ಹೆಚ್ಚು ಇಳಿಸುತ್ತವೆ. ಒಳಗಿನ ಸ್ಲಾಟ್ ಸ್ಥಾನಕ್ಕೆ ಹೋಗುವ ಕಾರ್ನರ್‌ಗೆ ಟ್ಯಾಕ್ಲಿಂಗ್ ಕಡ್ಡಾಯ.

ಹೆಜ್ಜೆ 6: ಅಂಕಿಗಳನ್ನು ಈಗ ತೆರೆಯಿರಿ

ಪಂದ್ಯ ನೋಡುವ ಮೊದಲು ಅಂಕಿ ನೋಡಿದರೆ ಕಣ್ಣು ಅದಕ್ಕೆ ಸಾಕ್ಷಿ ಹುಡುಕಲು ತೊಡಗುತ್ತದೆ. ಅದಕ್ಕೇ ಇದನ್ನು ಇಷ್ಟು ಕೆಳಗೆ ಇಟ್ಟಿದ್ದೇನೆ.

ಇಂಟರ್‌ಸೆಪ್ಶನ್ ಸಂಖ್ಯೆ ಅತ್ಯಂತ ಮೋಸದ ಅಂಕಿ. ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ (ಎಲ್‌ಎಸ್‌ಯು) ಡೆರೆಕ್ ಸ್ಟಿಂಗ್ಲಿ ಜೂನಿಯರ್ 2019ರಲ್ಲಿ, ಕಾಲೇಜಿನ ಮೊದಲ ವರ್ಷವೇ ಆರು ಇಂಟರ್‌ಸೆಪ್ಶನ್ ಪಡೆದರು. ಮುಂದಿನ ಎರಡು ಋತುಗಳಲ್ಲಿ ಒಂದೂ ಇಲ್ಲ. ಕುಸಿತ ಎಂದವರು ಅನೇಕರು. ಹ್ಯೂಸ್ಟನ್ ಟೆಕ್ಸನ್ಸ್ 2022ರಲ್ಲಿ ಅವರನ್ನು ಮೂರನೇ ಆಯ್ಕೆಯಲ್ಲಿ ತೆಗೆದುಕೊಂಡಿತು, 2024ರಲ್ಲಿ ಅವರು ಆಲ್-ಪ್ರೊ ಮೊದಲ ತಂಡ ಸೇರಿದರು. ತದ್ವಿರುದ್ಧವಾಗಿ ಮಿಸಿಸಿಪ್ಪಿ ಸ್ಟೇಟ್‌ನ ಎಮ್ಯಾನುಯೆಲ್ ಫೋರ್ಬ್ಸ್ ಕಾಲೇಜಿನಲ್ಲಿ 14 ಇಂಟರ್‌ಸೆಪ್ಶನ್ ಗಳಿಸಿ, ಅದರಲ್ಲಿ ಆರನ್ನು ಟಚ್‌ಡೌನ್ ಆಗಿಸಿ ದಾಖಲೆ ಬರೆದಿದ್ದರು. 2023ರಲ್ಲಿ 16ನೇ ಆಯ್ಕೆಯಲ್ಲಿ ತೆಗೆದುಕೊಂಡ ವಾಷಿಂಗ್ಟನ್ ತಂಡ 2024ರ ಋತು ಮುಗಿಯುವ ಮೊದಲೇ ಅವರನ್ನು ಬಿಟ್ಟುಕೊಟ್ಟಿತು.

ಹಾಗಾದರೆ ಯಾವುದನ್ನು ನೋಡಬೇಕು? ಎಷ್ಟು ಕವರೇಜ್ ಆಟಗಳಿಗೆ (ಪಾಸ್ ತಡೆಯಲು ನಿಂತ ಆಟಗಳಿಗೆ) ಒಮ್ಮೆ ಅವನ ಕಡೆ ಚೆಂಡು ಬಂತು, ಪ್ರತಿ ಕವರೇಜ್ ಆಟಕ್ಕೆ ಎಷ್ಟು ಗಜ ಬಿಟ್ಟುಕೊಟ್ಟ, ಎಷ್ಟು ಪಾಸ್‌ಗಳಿಗೆ ಕೈ ತಾಗಿಸಿದ. ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳು ಅವನ ಕಡೆ ನೋಡಿ ಚೆಂಡನ್ನು ಬೇರೆಡೆ ಎಸೆಯುತ್ತಿದ್ದರೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಪತ್ರ ಇಲ್ಲ. ಸಿನ್ಸಿನಾಟಿಯ ಅಹ್ಮದ್ 'ಸಾಸ್' ಗಾರ್ಡ್ನರ್ ಮೂರು ಕಾಲೇಜು ಋತುಗಳಲ್ಲಿ ತಮ್ಮ ಕವರೇಜ್‌ನಲ್ಲಿ ಒಂದು ಟಚ್‌ಡೌನ್ ಅನ್ನೂ ಬಿಟ್ಟುಕೊಡಲಿಲ್ಲ. 2022ರಲ್ಲಿ ನಾಲ್ಕನೇ ಆಯ್ಕೆಯಾಗಿ ನ್ಯೂಯಾರ್ಕ್ ಜೆಟ್ಸ್ ಸೇರಿ, ಆ ವರ್ಷವೇ ಆಲ್-ಪ್ರೊ ಮೊದಲ ತಂಡದಲ್ಲಿದ್ದರು.

ಎದುರಾಳಿಗಳ ಮಟ್ಟವನ್ನೂ ತೂಗಬೇಕು. ಟೊಲೆಡೊದ ಕ್ವಿನ್ಯಾನ್ ಮಿಚೆಲ್ ಸಣ್ಣ ಕಾನ್ಫರೆನ್ಸ್‌ನಲ್ಲಿ ಆಡಿದವರು. ಅವರ ಬಗೆಗಿನ ಅನುಮಾನಕ್ಕೆ ಉತ್ತರ ಸಿಕ್ಕಿದ್ದು ಡ್ರಾಫ್ಟ್‌ಗೆ ಹೊರಟ ಕಾಲೇಜು ಆಟಗಾರರಿಗಾಗಿ ಅಲಬಾಮಾದ ಮೊಬೀಲ್ ನಗರದಲ್ಲಿ ನಡೆಯುವ ಸೀನಿಯರ್ ಬೋಲ್ ಪಂದ್ಯದ ಅಭ್ಯಾಸದಲ್ಲಿ. ಅಲ್ಲಿ ಕಾರ್ನರ್‌ಗಳು ದೇಶದ ಅತ್ಯುತ್ತಮ ರಿಸೀವರ್‌ಗಳ ಎದುರು ಒಬ್ಬರಿಗೊಬ್ಬರಂತೆ ನಿಲ್ಲುತ್ತಾರೆ. ಆ ಅಭ್ಯಾಸಕ್ಕೆ ಪಂದ್ಯಕ್ಕಿಂತ ಹೆಚ್ಚು ಬೆಲೆ ಕೊಡಿ. 2024ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ 22ನೇ ಆಯ್ಕೆಯಲ್ಲಿ ಮಿಚೆಲ್ ಅವರನ್ನು ಪಡೆದು, ಅದೇ ಋತುವಿನಲ್ಲಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೋಲ್ ಗೆದ್ದಿತು. ಲೀಗ್ ಹಂತದಲ್ಲಿ ಅವರ ಇಂಟರ್‌ಸೆಪ್ಶನ್ ಸಂಖ್ಯೆ ಸೊನ್ನೆ. ಆ ವರ್ಷದ ಅತ್ಯುತ್ತಮ ಹೊಸ ಕಾರ್ನರ್‌ಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲದೆ ಯಾರೂ ಮಾತನಾಡಲಿಲ್ಲ.

ಹೆಜ್ಜೆ 7: ಟೇಪು ಮತ್ತು ಗಡಿಯಾರ

ಫೆಬ್ರವರಿ ಕೊನೆ, ಮಾರ್ಚ್ ಆರಂಭದ ಹೊತ್ತಿಗೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್, ಅಂದರೆ ಡ್ರಾಫ್ಟ್‌ಗೆ ಹೊರಟವರ ದೈಹಿಕ ಪರೀಕ್ಷೆಗಳ ಶಿಬಿರ, ನಡೆಯುತ್ತದೆ. 40 ಗಜದ ಓಟದ ಸಮಯದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಒಂದು ಸರಳ ಲೆಕ್ಕ ಮಾಡಿ: 4.37 ಮತ್ತು 4.47 ಸೆಕೆಂಡಿನ ಓಟಗಾರರ ನಡುವೆ 40 ಗಜದ ಕೊನೆಯಲ್ಲಿ ಸುಮಾರು ಒಂದು ಗಜದ ಅಂತರ. ಸ್ನ್ಯಾಪ್ ಆದ ಕೂಡಲೇ ತಪ್ಪು ಕಡೆಗೆ ಇಟ್ಟ ಒಂದೇ ಹೆಜ್ಜೆ ಆ ಅಂತರವನ್ನು ತಿಂದುಹಾಕುತ್ತದೆ. ಜಾಶ್ ನಾರ್ಮನ್ 2012ರಲ್ಲಿ 4.66 ಸೆಕೆಂಡಿನಲ್ಲಿ ಓಡಿ ಐದನೇ ಸುತ್ತಿಗೆ ಜಾರಿದರು, 2015ರಲ್ಲಿ ಆಲ್-ಪ್ರೊ ಮೊದಲ ತಂಡದಲ್ಲಿದ್ದರು. 2022ರಲ್ಲಿ 4.23 ಸೆಕೆಂಡಿನಲ್ಲಿ ಓಡಿ ಬೆರಗು ಹುಟ್ಟಿಸಿದ ಕೇಲನ್ ಬಾರ್ನ್ಸ್ ಏಳನೇ ಸುತ್ತಿನಲ್ಲಿ ಆಯ್ಕೆಯಾದರು, ಲೀಗ್‌ನಲ್ಲಿ ನೆಲೆಯೂರಲಿಲ್ಲ.

ವೇಗ ಬೇಡವೆಂದಲ್ಲ. ಅದು ಒಂದು ಮಟ್ಟದವರೆಗೆ ಬಾಗಿಲು ತೆರೆಯುತ್ತದೆ, ಅಲ್ಲಿಂದಾಚೆ ಬೇರೆ ಗುಣಗಳು ಮಾತನಾಡುತ್ತವೆ. ಮೊದಲ 10 ಗಜದ ಸಮಯವನ್ನು, ಸಿಕ್ಕರೆ ದಿಕ್ಕು ಬದಲಿಸುವ ಚುರುಕನ್ನು ಅಳೆಯುವ ತ್ರೀ-ಕೋನ್ ಮತ್ತು 20 ಗಜದ ಶಟಲ್ ಓಟಗಳ ಸಮಯವನ್ನು ನೋಡಿ. ಈಚೆಗೆ ಹಲವರು ಕೊನೆಯ ಎರಡನ್ನು ಮಾಡುವುದೇ ಇಲ್ಲ, ಆದ್ದರಿಂದ ಮೂರನೇ ಹೆಜ್ಜೆಯ ಟಿಪ್ಪಣಿಗಳೇ ಗತಿ. ಎತ್ತರಕ್ಕಿಂತ ತೋಳಿನ ಉದ್ದಕ್ಕೆ ಹೆಚ್ಚು ಮಹತ್ವ ಕೊಡಿ. 31 ಇಂಚಿಗಿಂತ ಕಡಿಮೆಯಿದ್ದರೆ ಹೊರಬದಿಯಲ್ಲಿ ಕಷ್ಟ ಎಂಬುದು ಸಾಮಾನ್ಯ ಅಳತೆಗೋಲು. ತೂಕವನ್ನು ಕಡೆಗಣಿಸಬೇಡಿ: ಫೋರ್ಬ್ಸ್ ಕಂಬೈನ್‌ನಲ್ಲಿ ತೂಗಿದ್ದು 166 ಪೌಂಡ್, ಅಂದರೆ 75 ಕಿಲೊ. ವಾಷಿಂಗ್ಟನ್ ಇರುವ ಡಿವಿಷನ್‌ನಲ್ಲೇ ಆಡುವ ಈಗಲ್ಸ್‌ನಲ್ಲಿ ಆಗ ಇದ್ದ ಎ.ಜೆ. ಬ್ರೌನ್ ಅವರಂಥ 225 ಪೌಂಡ್‌ನ ರಿಸೀವರ್ ಎದುರು ಆ ವ್ಯತ್ಯಾಸ ಪ್ರತಿ ಆಟದಲ್ಲೂ ಕಾಣುತ್ತಿತ್ತು.

ಹೆಜ್ಜೆ 8: ಗಾಯ ಮತ್ತು ವಯಸ್ಸು

ವೈದ್ಯಕೀಯ ವರದಿ ಹೊರಗಿನವರ ಕೈಗೆ ಸಿಗುವುದಿಲ್ಲ. ನೀವು ಮಾಡಬಹುದಾದದ್ದು ಇಷ್ಟು: ಯಾವ ಗಾಯ, ಎಷ್ಟು ಪಂದ್ಯ ತಪ್ಪಿತು, ಮರಳಿದ ಮೇಲೆ ಆ ಕಾಲಿನ ಮೇಲೆ ಭಾರ ಹಾಕಿ ತಿರುಗುತ್ತಿದ್ದಾನೆಯೇ. ಮಿಶಿಗನ್‌ನ ವಿಲ್ ಜಾನ್ಸನ್ ಮೊದಲ ಸುತ್ತಿನ ಪ್ರತಿಭೆ ಎನಿಸಿಕೊಂಡಿದ್ದರು. ಮೊಣಕಾಲಿನ ಬಗ್ಗೆ ಆತಂಕದ ಸುದ್ದಿಗಳ ನಡುವೆ 2025ರಲ್ಲಿ 47ನೇ ಆಯ್ಕೆಯವರೆಗೆ ಕಾಯಬೇಕಾಯಿತು. ವಯಸ್ಸನ್ನೂ ಬರೆದುಕೊಳ್ಳಿ. 23 ವರ್ಷದವನು 19ರ ಹುಡುಗರನ್ನು ಮಣಿಸಿದ್ದಕ್ಕೂ, 20ರ ಹುಡುಗ ತನ್ನ ವಯಸ್ಸಿನವರನ್ನು ಮಣಿಸಿದ್ದಕ್ಕೂ ಒಂದೇ ಅಂಕ ಕೊಡಲಾಗದು.

ಹೆಜ್ಜೆ 9: ಯಾವ ತಂಡಕ್ಕೆ, ಯಾವ ಪದ್ಧತಿಗೆ

ಒಳ್ಳೆಯ ಕಾರ್ನರ್ ಎಂಬ ಮಾತು ಅರ್ಧ ವಾಕ್ಯ. ಯಾವ ಪದ್ಧತಿಯಲ್ಲಿ ಎಂದು ಸೇರಿಸಿದಾಗಲೇ ಅದು ಪೂರ್ತಿಯಾಗುತ್ತದೆ. ತರಬೇತುದಾರ ಪೀಟ್ ಕ್ಯಾರಲ್ ಅವರ ಕಾಲದ ಸಿಯಾಟಲ್ ತಂಡ ಎತ್ತರದ, ಉದ್ದ ತೋಳಿನ ಕಾರ್ನರ್‌ಗಳನ್ನು ಹುಡುಕಿ, ಹಿಂದೆ ಕೊನೆಯ ರಕ್ಷಕನಾಗಿ ಒಬ್ಬ ಸೇಫ್ಟಿಯನ್ನು ನಿಲ್ಲಿಸಿ, ಮೈದಾನದ ಹೊರ ಮೂರನೇ ಭಾಗವನ್ನು ಅವರಿಗೆ ವಹಿಸುತ್ತಿತ್ತು. ಶರ್ಮನ್ ಅಲ್ಲಿ ಅರಳಿದ್ದು ಆಕಸ್ಮಿಕವಲ್ಲ. ಓಕ್ಲೆಂಡ್‌ನಲ್ಲಿ ಪ್ರೆಸ್ ಮ್ಯಾನ್ ಆಡಿ ಹೆಸರಾಗಿದ್ದ ನಾಮ್ಡಿ ಅಸೊಮುವಾ 2011ರಲ್ಲಿ ಫಿಲಡೆಲ್ಫಿಯಾ ಸೇರಿದಾಗ ಬೇರೆ ಕೆಲಸಗಳನ್ನು ಕೊಟ್ಟರು, ಹಿಂದಿನ ಆಟ ಅಲ್ಲಿ ಕಾಣಲೇ ಇಲ್ಲ. ಆದ್ದರಿಂದ ನಿಮ್ಮ ಟಿಪ್ಪಣಿಯಲ್ಲಿ ಪ್ರೆಸ್ ಮ್ಯಾನ್, ದೂರದ ಮ್ಯಾನ್, ಜೋನ್, ಸ್ಲಾಟ್ ಎಂದು ನಾಲ್ಕು ಪ್ರತ್ಯೇಕ ಅಂಕಗಳಿರಲಿ. ಕಾಲೇಜಿನಲ್ಲಿ ಅವನಿಗೆ ಅವಕಾಶವೇ ಸಿಗದ ಕೆಲಸದ ಮುಂದೆ ಖಾಲಿ ಬಿಡಿ, ಊಹಿಸಿ ತುಂಬಬೇಡಿ.

ಹೆಜ್ಜೆ 10: ವರದಿ ಬರೆಯಿರಿ, ಮುಚ್ಚಿಡಿ

ಒಂದು ಪುಟ ಸಾಕು. ಅವನು ಎನ್‌ಎಫ್‌ಎಲ್‌ನಲ್ಲಿ ಮೊದಲ ದಿನದಿಂದ ಮಾಡಬಲ್ಲ ಒಂದು ಕೆಲಸ, ಕಲಿಯಬೇಕಾದ ಒಂದು ಕೆಲಸ, ಎಂದೂ ಮಾಡಲಾಗದ ಒಂದು ಕೆಲಸ. ಪ್ರತಿಯೊಂದಕ್ಕೂ ಪಂದ್ಯ, ಕ್ವಾರ್ಟರ್, ಗಡಿಯಾರದ ಸಮಯ ಸಹಿತ ಮೂರು ಸಾಕ್ಷಿ. ಕೊನೆಯಲ್ಲಿ, ಯಾವ ಸುತ್ತಿನಲ್ಲಿ ಅವನನ್ನು ಆರಿಸುತ್ತೀರಿ ಎಂದು ಒಂದು ಸಾಲು. ಏಪ್ರಿಲ್ ಬಂದಂತೆ ಎಲ್ಲೆಡೆ ಅಂದಾಜು ಪಟ್ಟಿಗಳು ಹರಿದಾಡುತ್ತವೆ, ಅವನ್ನು ಓದಿ ನಿಮ್ಮ ಅಂಕವನ್ನು ತಿದ್ದಬೇಡಿ. ದಿನಾಂಕ ಹಾಕಿ ಮುಚ್ಚಿಡಿ. ಮೊದಲ ಸುತ್ತಿನ ಆಟಗಾರರ ಐದನೇ ವರ್ಷದ ಒಪ್ಪಂದವನ್ನು ಮುಂದುವರಿಸಬೇಕೇ ಎಂದು ತಂಡಗಳು ತೀರ್ಮಾನಿಸುವುದು ಮೂರನೇ ಋತು ಮುಗಿದ ಮೇಲೆ. ನೀವೂ ಆಗಲೇ ಆ ಪುಟ ತೆರೆದು, ಹತ್ತು ಹೆಜ್ಜೆಗಳಲ್ಲಿ ನಿಮ್ಮ ಕಣ್ಣು ಯಾವುದರಲ್ಲಿ ಸರಿಯಿತ್ತು, ಯಾವುದರಲ್ಲಿ ತಪ್ಪಿತು ಎಂದು ಒಂದೊಂದಾಗಿ ಗುರುತು ಹಾಕಿಕೊಳ್ಳಿ.